ಇಂಟರ್‌ವ್ಯೂ ದಿನದ ಗಡ್ಡ

ಏಳನೇ ಸೆಮಿಸ್ಟರ್, ಪ್ಲೇಸ್‌ಮೆಂಟ್ ಶುರುವಾದ ಮೊದಲ ವಾರ. ಎಂಟೂವರೆಗೆ ರಿಪೋರ್ಟಿಂಗ್ ಅಂದರೆ ನಮ್ಮ ರೂಮ್‌ಮೇಟ್ ಎದ್ದದ್ದು ಏಳೂ ಮುಕ್ಕಾಲಿಗೆ. ವಾಷ್‌ರೂಮಿನಲ್ಲಿ ಕ್ಯೂ, ಬಿಸಿನೀರು ಆಗಲೇ ಖಾಲಿ. ಮೈಗೆ ಹಚ್ಚುವ ಸೋಪನ್ನೇ ಕೆನ್ನೆಗೆ ಉಜ್ಜಿಕೊಂಡ, ಎರಡು ತಿಂಗಳಿಂದ ಬಕೆಟ್ ಪಕ್ಕ ಬಿದ್ದಿದ್ದ ರೇಜರ್ ಎತ್ತಿಕೊಂಡ, ಐದೇ ನಿಮಿಷದಲ್ಲಿ ಮುಗಿಸಿದ. ಟೈ ಕಟ್ಟುವಾಗಲೇ ಕತ್ತು ಕೆಂಪಗಾಗಿತ್ತು. ಒಳಗೆ ಹೋಗಿ ಕೂರುವಷ್ಟರಲ್ಲಿ ಬಿಳಿ ಕಾಲರ್ ಮೇಲೆ ರಕ್ತದ ಎರಡು ಚುಕ್ಕೆ. ಕೇಳಿದ ಪ್ರಶ್ನೆಗಳೆಲ್ಲ ಅವನಿಗೆ ಗೊತ್ತಿದ್ದವೇ. "ಮಗಾ, ಕತ್ತು ಉರೀತಿತ್ತು. ಅವ್ರು ಕಾಲರ್ ನೋಡ್ತಿದಾರೆ ಅನ್ನೋದು ಬಿಟ್ರೆ ತಲೇಲಿ ಬೇರೇನೂ ಇರ್ಲಿಲ್ಲ" ಅಂದ ಆಚೆ ಬಂದು.

ಕೆಲಸ ಸಿಗದ್ದಕ್ಕೆ ಗಡ್ಡವೇ ಕಾರಣ ಅಂತ ನಾವು ಹೇಳುತ್ತಿಲ್ಲ. ಆದರೆ ಕತ್ತಿನ ಗುಳ್ಳೆಗಳು ಮೂರು ವಾರ ಹೋಗಲಿಲ್ಲ. ಆಗ ನಮಗೆ ಹೊಳೆದದ್ದು: ನಾಲ್ಕು ವರ್ಷ ಏನೇನೋ ಕಲಿತೆವು, ಗಡ್ಡ ತೆಗೆಯೋದನ್ನ ಯಾರೂ ಕಲಿಸಿಲ್ಲ. ಅಪ್ಪ ಕನ್ನಡಿ ಮುಂದೆ ಮುಖ ಸೊಟ್ಟ ಮಾಡಿಕೊಂಡು ನಿಂತಿದ್ದನ್ನ ನೋಡಿ ಕಲಿತದ್ದಷ್ಟೇ. ಹಾಗಾಗಿ ಓದಿ, ಕೇಳಿ, ನಮ್ಮ ನಮ್ಮ ಕೆನ್ನೆ ಮೇಲೆ ಪ್ರಯೋಗ ಮಾಡಿ ತಿಳಿದದ್ದನ್ನ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೂದಲಿನ ವಿಷಯ. ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನು. ಒಣಗಿದ್ದಾಗ ಅದರ ಎಳೆಗಳನ್ನು ಹೈಡ್ರೋಜನ್ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೀರು ಒಳಗೆ ಹೋದರೆ ಆ ಬಂಧಗಳು ಸಡಿಲವಾಗಿ ಕೂದಲು ಉಬ್ಬಿ ಮೆದುವಾಗುತ್ತದೆ, ಕತ್ತರಿಸೋಕೆ ಬೇಕಾದ ಬಲ ತುಂಬಾ ಇಳಿಯುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ಮುಖಕ್ಕೆ ನೀರು ಚಿಮುಕಿಸಿ ತಕ್ಷಣ ಬ್ಲೇಡ್ ಇಟ್ಟರೆ ಆಗಲ್ಲ. ಅದಕ್ಕೇ ಸ್ನಾನ ಆದ ಮೇಲೆ ಶೇವ್ ಮಾಡ್ಕೊಳ್ಳೋದು ಒಳ್ಳೇದು. ಬಿಸಿನೀರು ಸಿಗದಿದ್ದರೆ ಚಿಂತೆ ಬೇಡ, ತಣ್ಣೀರಲ್ಲಿ ಒದ್ದೆ ಮಾಡಿದ ಟವೆಲ್ಲನ್ನು ಸ್ವಲ್ಪ ಜಾಸ್ತಿ ಹೊತ್ತು ಒತ್ತಿಟ್ಟುಕೊಳ್ಳಿ.

ಇನ್ನು ನಮ್ಮ ಹಾಸ್ಟೆಲ್ ನೀರಿನ ಕಥೆ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಹಾಕುತ್ತಾ, ವೈನ್ ರೆಡ್ ಬಣ್ಣ ನೀಲಿಗೆ ತಿರುಗುವವರೆಗೆ ಕಾಯುತ್ತಾ ನೀರಿನ ಗಡಸುತನ ಅಳೆದಿದ್ದು ನೆನಪಿದೆಯಾ? ರೆಕಾರ್ಡ್ ಬರೆದು ಮರೆತುಬಿಟ್ಟೆವು. ಅದೇ ಬೋರ್‌ವೆಲ್ ನೀರಲ್ಲಿ ದಿನಾ ಮುಖ ತೊಳೀತೀವಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳೀ ಗಷ್ಟಾಗುತ್ತೆ, ನೊರೆ ಏಳಲ್ಲ. ಶೇವಿಂಗ್ ಕ್ರೀಮ್ ಕೂಡ ಬಹುಪಾಲು ಸೋಪಿನ ಜಾತಿಯದೇ, ಅದರ ಕಥೆಯೂ ಅಷ್ಟೇ. ನೊರೆ ಇರೋದು ಚಂದಕ್ಕೆ ಅಂದ್ಕೊಂಡಿದ್ರೆ ತಪ್ಪು. ಅದು ಕೂದಲಿನ ನೀರು ಆರದಂತೆ ಹಿಡಿದಿಡುತ್ತೆ, ಬ್ಲೇಡು ಚರ್ಮದ ಮೇಲೆ ಜಾರೋಕೆ ಲೂಬ್ರಿಕೇಶನ್ ಕೊಡುತ್ತೆ. ನಾವು ಕಂಡುಕೊಂಡ ಉಪಾಯ ಸುಲಭದ್ದು: ನೊರೆ ಮಾಡೋಕೆ ಮಾತ್ರ ಮೆಸ್ಸಿನ ಫಿಲ್ಟರಿಂದ ಒಂದು ಲೋಟ ಕುಡಿಯೋ ನೀರು. ಮೊದಲ ದಿನ ಇದನ್ನ ನೋಡಿ ಇಡೀ ಫ್ಲೋರ್ ನಕ್ಕಿತು. ಈಗ ಬೆಳಿಗ್ಗೆ ಲೋಟ ಹಿಡಿದುಕೊಂಡು ಹೋಗೋರು ನಾವಷ್ಟೇ ಅಲ್ಲ.

ಬ್ಲೇಡಿನ ಬಗ್ಗೆ ನಮಗೆ ಸಿಕ್ಕ ಅತ್ಯಂತ ಸ್ವಾರಸ್ಯದ ಓದು ಮೆಟಲರ್ಜಿಯದ್ದು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಹಾಗಿದ್ದ ಮೇಲೆ ಬ್ಲೇಡು ಯಾಕೆ ಮೊಂಡಾಗಬೇಕು? 2020ರಲ್ಲಿ ಎಂಐಟಿಯ ತಂಡವೊಂದು ಸೈನ್ಸ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ತಂಡದ ಒಬ್ಬ ಸಂಶೋಧಕ ತನ್ನದೇ ಗಡ್ಡ ತೆಗೆದುಕೊಂಡು, ಪ್ರತಿ ಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. (ಪಿಎಚ್‌ಡಿ ಅಂದ್ರೆ ಹೀಗಿರಬೇಕು!) ಅಂಚು ನಿಧಾನವಾಗಿ ಸವೆದು ದುಂಡಗಾಗಿರುತ್ತೆ ಅಂದುಕೊಂಡರೆ, ಅಲ್ಲಲ್ಲಿ ಚೂರು ಚೂರೇ ಚಕ್ಕೆ ಎದ್ದಿತ್ತು. ಉಕ್ಕಿನ ರಚನೆ ಎಲ್ಲ ಕಡೆ ಒಂದೇ ಸಮ ಇರಲ್ಲ. ಕೂದಲು ಬಾಗಿ, ಓರೆಯಾಗಿ ಬಂದು ಬಲಹೀನ ಜಾಗಕ್ಕೆ ತಾಗಿದರೆ ಅಲ್ಲಿ ಒತ್ತಡ ಸೇರಿಕೊಂಡು ಚಕ್ಕೆ ಏಳುತ್ತದೆ. ಅಂಥ ಅಂಚು ಕೂದಲನ್ನು ಕೊಯ್ಯೋ ಬದಲು ಎಳೆಯುತ್ತದೆ. ಸರಿಯಾಗಿ ಬರಲಿಲ್ಲ ಅಂತ ನಾವು ಇನ್ನೂ ಒತ್ತುತ್ತೇವೆ. ಕೂದಲಿನ ಜೊತೆ ಚರ್ಮದ ಮೇಲ್ಪದರವೂ ಕೆರೆದು ಬರುತ್ತದೆ. ನಮ್ಮ ಸ್ನೇಹಿತನ ಕತ್ತಿಗೆ ಆಗಿದ್ದು ಇದೇ.

ಆದ್ದರಿಂದ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ: ಒತ್ತಬೇಡಿ. ರೇಜರಿನ ಭಾರವೇ ಸಾಕು. ಒತ್ತಬೇಕು ಅನ್ನಿಸಿತು ಅಂದರೆ ಒಂದೋ ಕೂದಲು ನೆಂದಿಲ್ಲ, ಇಲ್ಲಾ ಬ್ಲೇಡು ಮುಗಿದಿದೆ. ಐದರಿಂದ ಏಳು ಶೇವ್‌ಗೆ ಒಮ್ಮೆ ಬದಲಿಸಿ ಅಂತ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುತ್ತದೆ. ಎರಡಂಚಿನ ಸಾದಾ ಬ್ಲೇಡಿಗೆ ಕ್ಯಾಂಟೀನ್ ಟೀಗಿಂತ ಕಡಿಮೆ ದುಡ್ಡು. ಅದರಲ್ಲಿ ಉಳಿತಾಯ ಮಾಡೋದು ಯಾಕೆ?

ದಿಕ್ಕು ಕೂಡ ಮುಖ್ಯ. ಎರಡು ದಿನದ ಗಡ್ಡ ಇರುವಾಗ ಬೆರಳಾಡಿಸಿ ನೋಡಿ. ನುಣುಪಾಗಿ ಹೋದರೆ ಅದು ಕೂದಲು ಬೆಳೆದ ದಿಕ್ಕು, ತರಿತರಿ ಅನ್ನಿಸಿದರೆ ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿಂದ ಕೆಳಗೆ. ಕತ್ತಿನಲ್ಲಿ ಮಾತ್ರ ಯಾವ ನಿಯಮವೂ ಇಲ್ಲ. ನಮ್ಮಲ್ಲೊಬ್ಬನಿಗೆ ಎಡಗಡೆ ಕೂದಲು ಅಡ್ಡಕ್ಕೆ, ಬಲಗಡೆ ಕೆಳಗಿಂದ ಮೇಲಕ್ಕೆ! ನಾಲ್ಕು ವರ್ಷ ಎರಡೂ ಕಡೆ ಒಂದೇ ಥರ ಎಳೆದುಕೊಂಡು, "ನಂದು ಸೆನ್ಸಿಟಿವ್ ಸ್ಕಿನ್" ಅಂತ ಹೇಳ್ಕೊಂಡು ಓಡಾಡ್ತಿದ್ದ. ಬೆಳೆದ ದಿಕ್ಕಿಗೇ ಮೊದಲ ಸುತ್ತು ಮುಗಿಸಿ. ಇನ್ನೂ ನುಣುಪು ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡ ಎಳೆಯಿರಿ. ಎದುರು ದಿಕ್ಕಿಗೆ ಎಳೆಯುವ ಆಸೆಯನ್ನ ಗುಳ್ಳೆ ಏಳುವವರು ಬಿಟ್ಟುಬಿಡೋದೇ ವಾಸಿ.

ಯಾಕೆಂದರೆ ಆ ಗುಳ್ಳೆ ಬೇರೆ ಥರದ್ದು. ಗುಂಗುರು ಕೂದಲಿನವರಿಗೆ ಇದು ಹೆಚ್ಚು. ತುಂಬಾ ಬುಡಕ್ಕೆ ಕೊಯ್ದ ಚೂಪು ತುದಿ, ಬೆಳೆಯುವಾಗ ಬಾಗಿ ತಿರುಗಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತೆ. ದೇಹ ಅದನ್ನ ಹೊರಗಿನ ವಸ್ತು ಅಂತ ತಿಳಿದು ಊದಿಸಿಬಿಡುತ್ತೆ. ಮೂರು, ಐದು ಬ್ಲೇಡಿನ ರೇಜರುಗಳಲ್ಲಿ ಮುಂದಿನ ಬ್ಲೇಡು ಕೂದಲನ್ನ ಎಳೆದು ಹಿಡಿದಾಗ ಹಿಂದಿನದು ಕೊಯ್ಯುತ್ತೆ, ತುದಿ ಚರ್ಮದೊಳಕ್ಕೆ ಸರಿದುಕೊಳ್ಳುತ್ತೆ. ನುಣುಪೇನೋ ಸಿಗುತ್ತೆ, ಗುಳ್ಳೆ ಏಳುವವರಿಗೆ ಅದೇ ಕಷ್ಟ. ಅಂಥವರು ಚರ್ಮ ಬಿಗಿಯಾಗಿ ಎಳೆದು ಹಿಡಿಯಬಾರದು. ಒಂದೇ ಬ್ಲೇಡಿನದ್ದೋ, ಒಂದು ಮಿಲಿಮೀಟರ್ ಬಿಡುವ ಟ್ರಿಮ್ಮರೋ ಸಾಕು.

ನಮ್ಮ ರೂಮ್‌ಮೇಟ್ ಮಾಡಿದ್ದೇನು ಗೊತ್ತಾ? ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ಒಂದು ಟ್ಯೂಬ್ ತಂದು ಹಚ್ಚಿದ. ಎರಡೇ ದಿನಕ್ಕೆ ಕೆಂಪು ಹೋಯ್ತು, ಖುಷಿ. ಬಿಟ್ಟರೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಮುಖಕ್ಕೆ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಮೊಡವೆ ಏಳುತ್ತೆ ಅಂತ ಚರ್ಮದ ಡಾಕ್ಟರು ಬೈದೇ ಕಳಿಸಿದರು. ಒಂದು ತಿಂಗಳು ಬ್ಲೇಡ್ ಮುಟ್ಟಬೇಡ, ಟ್ರಿಮ್ಮರ್ ಸಾಕು ಅಂದರು. ಟ್ರಿಮ್ ಮಾಡಿದ ಗಡ್ಡದಲ್ಲೇ ಅವನು ಮುಂದಿನ ಮೂರು ಇಂಟರ್‌ವ್ಯೂಗೆ ಹೋದ. ಯಾರೂ ಏನೂ ಕೇಳಲಿಲ್ಲ.

ಶೇವ್ ಆದ ಮೇಲೆ ತಣ್ಣೀರಲ್ಲಿ ತೊಳೆದು, ಟವೆಲ್ ಒತ್ತಿ ಒರೆಸಿ (ಉಜ್ಜಬೇಡಿ), ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಸ್ಪಿರಿಟ್ ಇರುವ ಆಫ್ಟರ್ ಶೇವ್ ಉರಿದರೆ ಕೆಲಸ ಮಾಡ್ತಿದೆ ಅಂತಲ್ಲ, ಚರ್ಮ ಗಾಯವಾಗಿದೆ ಅಂತ. ಪಟಿಕದ ಕಲ್ಲು ಸಣ್ಣ ಗೀರಿನ ರಕ್ತ ನಿಲ್ಲಿಸುತ್ತೆ ನಿಜ, ಆದರೆ ಎಲ್ಲರ ಮುಖಕ್ಕೂ ಆಡಿಸಿದ ಕಲ್ಲು ಬೇಡ. ರೇಜರೂ ಅಷ್ಟೇ. "ಒಂದ್ಸಲ ಕೊಡೋ" ಅಂದ ಜೀವದ ಗೆಳೆಯನಿಗೂ ಹೊಸ ಬ್ಲೇಡ್ ಕೊಡಿ, ನಿಮ್ಮದನ್ನಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಹರಡಬಲ್ಲವು. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಮುರಿದು ಹಾಕೋದನ್ನ ಕಣ್ಣಾರೆ ನೋಡಿ. ಕೇಳೋದಕ್ಕೆ ಸಂಕೋಚ ಬೇಡ, ಅಣ್ಣಂದಿರು ಬೇಜಾರು ಮಾಡ್ಕೊಳ್ಳಲ್ಲ.

ಹಳೇ ಬ್ಲೇಡ್ ಎಲ್ಲಿ ಹಾಕ್ತೀರಿ? ಹೋದ ತಿಂಗಳು ನಮ್ಮ ಫ್ಲೋರ್ ಕಸ ತೆಗೆಯೋ ಅಮ್ಮನ ಬೆರಳು ಡಸ್ಟ್‌ಬಿನ್ನಿನೊಳಗೇ ಕೊಯ್ದುಹೋಯಿತು. ಯಾರ ಬ್ಲೇಡೋ ಗೊತ್ತಾಗಲಿಲ್ಲ, ನಮ್ಮದೇ ಇದ್ದರೂ ಇರಬಹುದು. ಈಗ ವಾಷ್‌ರೂಮಿನ ಕಿಟಕಿ ಮೇಲೆ ಒಂದು ಹಳೇ ಪೌಡರ್ ಡಬ್ಬಿ ಇಟ್ಟಿದ್ದೇವೆ, ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟೇ ಸೀಳು. ಎರಡನೇ ಮಹಡಿಯವರೂ ಬಂದು ಹಾಕಬಹುದು.