ಖಾಲಿ ಸೈಟಿನಲ್ಲಿ ಓಣಿಯವರ ಕಾಯಿಪಲ್ಯೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಹೊಸ ಬಡಾವಣೆಗೆ ಹೋದರೂ ನಡುನಡುವೆ ಖಾಲಿ ಸೈಟು. ಅದರ ತುಂಬ ಜಾಲಿ, ಕಾಂಗ್ರೆಸ್ ಕಸ, ಒಡೆದ ಇಟ್ಟಿಗೆ, ಹಂದಿ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಇದೇ ಜಿಲ್ಲೆಯ ಜನ ಹಿರೇಹಳ್ಳವನ್ನು 20ಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಸ್ವಚ್ಛ ಮಾಡಿದರು. ಅದರ ಮುಂದೆ 30×40 ಸೈಟು ಯಾವ ಲೆಕ್ಕ? ಆದರೆ ಹಳ್ಳದ ಕೆಲಸಕ್ಕೆ ಒಮ್ಮೆ ಹುಮ್ಮಸ್ಸು ಬಂದರೆ ಸಾಕಾಗುತ್ತದೆ, ತೋಟ ದಿನವೂ ನೀರು ಕೇಳುತ್ತದೆ. ಬೀಜದ ಪೊಟ್ಟಣ ಕೊಳ್ಳುವ ಮೊದಲೇ ಕೇಳಿಕೊಳ್ಳಿ: ಮೇ ತಿಂಗಳಲ್ಲಿ ನೀರು ಹಾಕುವವರು ಯಾರು?

ಮೊದಲು ಕಾಗದ

ಜಾಗ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದಾದರೆ ಪೌರಾಯುಕ್ತರಿಗೆ ಇಲ್ಲವೇ ಮುಖ್ಯಾಧಿಕಾರಿಗೆ ಓಣಿಯವರೆಲ್ಲ ಸಹಿ ಹಾಕಿದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉದ್ಯಾನಕ್ಕೆಂದು ಬಿಟ್ಟ ಜಾಗವಾದರೆ ಅದಕ್ಕೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ರಕ್ಷಣೆಯಿದೆ. ಅಲ್ಲಿ ಏನೇ ಬೆಳೆಯಲು ಲಿಖಿತ ಒಪ್ಪಿಗೆ ಬೇಕು.

ಖಾಸಗಿ ಸೈಟಿನ ಮಾಲಕರ ಮುಂದೆ ‘ಗೇಣಿ’ ಎಂಬ ಮಾತನ್ನೇ ಎತ್ತಬೇಡಿ. 1974ರ ಭೂಸುಧಾರಣೆಯ ನೆನಪು ಇನ್ನೂ ಹಸಿಯಾಗಿದೆ, ಉಳಲು ಬಿಟ್ಟರೆ ಜಾಗವೇ ಹೋದೀತೆಂದು ಹೆದರುತ್ತಾರೆ. 11 ತಿಂಗಳ ಪರವಾನಗಿ ಪತ್ರ ಮಾಡಿಕೊಳ್ಳಿ. ಯಾವ ಹಕ್ಕೂ ಹುಟ್ಟುವುದಿಲ್ಲ, ಬೋರ್‌ವೆಲ್ ಕೊರೆಯುವುದಿಲ್ಲ, ಕೇಳಿದಾಗ ಬಿಟ್ಟುಕೊಡುತ್ತೇವೆ ಎಂದು ಸ್ಪಷ್ಟವಾಗಿ ಬರೆಯಿರಿ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸದ ಸೈಟೊಂದನ್ನು ತೋಟ ಮಾಡಿದಾಗ ಅಲ್ಲಿನ ಆಡಳಿತ ಮರುವರ್ಷ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಒಪ್ಪಿತು. ಆ ತೋಟ ಇಂದಿಗೂ ಇದೆ.

ನೀರಿನ ಲೆಕ್ಕ

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 5-6 ಲೀಟರ್ ಹಿಡಿಯಿರಿ. 30×40 ಸೈಟಿನಲ್ಲಿ ದಾರಿ, ಅಂಚು ಕಳೆದು 60 ಚದರ ಮೀಟರ್ ಮಡಿ ಸಿಗುತ್ತದೆ, ಅಂದರೆ 300 ಲೀಟರಿಗೂ ಮೇಲೆ. ಇಷ್ಟು ಹೊಂದದಿದ್ದರೆ ಬೇಸಿಗೆಯಲ್ಲಿ ಎರಡೇ ಮಡಿ ಉಳಿಸಿಕೊಂಡು ಮಿಕ್ಕದ್ದಕ್ಕೆ ಭತ್ತದ ಹುಲ್ಲು ಹೊದಿಸಿ. ಗಂಗಾವತಿ ಸೀಮೆಯಲ್ಲಿ ಅದಕ್ಕೇನು ಬರವೇ? ಪಕ್ಕದ ಮನೆಯ 100 ಚದರ ಮೀಟರ್ ಮಾಳಿಗೆ 20 ಮಿ.ಮೀ. ಮಳೆಗೆ ಸುಮಾರು 2,000 ಲೀಟರ್ ಕೊಡುತ್ತದೆ. ಆ ಪೈಪನ್ನು ತೋಟದತ್ತ ತಿರುಗಿಸಿಕೊಳ್ಳಿ.

ಸ್ವಚ್ಛತೆ ಏಪ್ರಿಲ್-ಮೇನಲ್ಲಿ ಆಗಲಿ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿ, ಜಾಲಿ ಮುಳ್ಳು ಅದನ್ನು ತೂರಿಕೊಂಡು ಬರುತ್ತದೆ. ಇಟ್ಟಿಗೆ ರಾಶಿಯನ್ನು ಕೋಲಿನಿಂದ ಕೆದಕಿ, ಆಮೇಲೆ ಕೈಹಾಕಿ, ಚೇಳು ಇರುತ್ತವೆ. ಜಾಲಿಯನ್ನು ಬುಡದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ. ಒಂದಡಿ ಆಳ ಅಗೆದು ಬುಡವನ್ನೇ ಕಿತ್ತು ತೆಗೆಯಬೇಕು. ಕಡಿದ ಮುಳ್ಳನ್ನು ಸುಡಬೇಡಿ, ಮೊದಲ ವರ್ಷದ ಬೇಲಿ ಅದೇ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳಿ.

ಮಣ್ಣು ನೋಡಿ ಮಡಿ

ನಮ್ಮಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ವಿಡಿಯೊ ನೋಡಿ ಎಲ್ಲ ಕಡೆ ಏರುಮಡಿ ಮಾಡುತ್ತಾರೆ. ಯಲಬುರ್ಗಾ ಕಡೆಯ ಎರಿ ಮಣ್ಣಿಗೆ ಏರುಮಡಿ ಸರಿ, ಜಡಿಮಳೆಗೆ ಬೇರು ಕೊಳೆಯದು. ಕುಷ್ಟಗಿ, ಕೊಪ್ಪಳದ ಮಸಾರಿಯಲ್ಲಿ ಅದೇ ಮಡಿ ಮಧ್ಯಾಹ್ನಕ್ಕೇ ಒಣಗುತ್ತದೆ; ಅಲ್ಲಿ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾದ ಮಡಿಯೇ ವಾಸಿ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಸವಳಿನ ಅನುಮಾನವಿದ್ದರೆ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣಿನ ಪರೀಕ್ಷೆಯ ಬಗ್ಗೆ ವಿಚಾರಿಸಿ. ಪರೀಕ್ಷೆಯಿಲ್ಲದೆ ಜಿಪ್ಸಂ ಸುರಿಯಬೇಡಿ. ಸವಳಿದ್ದರೆ ಪಾಲಕ್, ಬೀಟ್‌ರೂಟ್ ಮೊದಲು.

ಮಡಿಯ ಅಗಲ ನಾಲ್ಕಡಿ ಮೀರದಿರಲಿ, ಆಗ ಎರಡೂ ಕಡೆಯಿಂದ ಕೈ ಎಟಕುತ್ತದೆ. ಚದರ ಮೀಟರಿಗೆ ಎರಡೂವರೆ ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು.

ಮಿರಗದ ಮಳೆ ಬಿದ್ದಾಗ ಬಿತ್ತಿ. ಮೆಂತೆ, ರಾಜಗಿರಿ ತಿಂಗಳೊಳಗೆ ಕೈಗೆ ಬರುತ್ತವೆ, ಹೊಸಬರ ಉತ್ಸಾಹ ಉಳಿಯಲು ಇದು ಮುಖ್ಯ. ಬೆಂಡಿ ಒಂದೂವರೆ ತಿಂಗಳು ಕಾಯಿಸುತ್ತದೆ. ಪುಂಡಿ, ಚವಳಿ, ಹೀರೇಕಾಯಿ ಇರಲಿ. ಮಾಲಕರು ಒಪ್ಪಿದರೆ ಅಂಚಿಗೆ ನುಗ್ಗಿ: ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಸಿಕ್ಕರೆ ಒಳ್ಳೆಯದು. ಕಾರ್ಖಾನೆಯ ಕರಿಧೂಳು ಬೀಳುವ ಬಡಾವಣೆಯಲ್ಲಿ ಸೊಪ್ಪಿಗಿಂತ ಕಾಯಿ ಬೆಳೆಯುವುದು ಜಾಣತನ, ತೊಳೆಯುವುದು ಸುಲಭ.

ಜಗಳ ಬರುವುದು ಫಸಲು ಬಂದಾಗ. ಸೊಪ್ಪಿನ ಮಡಿಯನ್ನು ಮನೆಗೊಂದರಂತೆ ಹಂಚಿ. ಬಳ್ಳಿ, ನುಗ್ಗಿ ಎಲ್ಲರದು, ಭಾನುವಾರ ಕೊಯ್ದು ಪಾಲು ಮಾಡಿ. ನೀರಿನ ಪಾಳಿಯನ್ನು ಗೋಡೆಯ ಮೇಲೆ ಹೆಸರು ಸಹಿತ ಬರೆದು ಹಚ್ಚಿ, ವಾಟ್ಸ್ಆ್ಯಪ್ ಗುಂಪು ಅದಕ್ಕೆ ಸಾಲದು. ರಾತ್ರಿ ಬದನೆಕಾಯಿ ಕಳುವಾಗುತ್ತವೆ. ರಸ್ತೆ ಬದಿಯ ಒಂದು ಮಡಿಯನ್ನು ಹೋಗಿಬರುವವರಿಗೆಂದೇ ಬಿಟ್ಟುಬಿಡಿ, ಒಳಗಿನದು ಬಹುಪಾಲು ಉಳಿಯುತ್ತದೆ.

ಕರಾರಿನಲ್ಲಿ ಇನ್ನೊಂದು ಸಾಲು ಮರೆಯದೆ ಸೇರಿಸಿ: ಜಾಗ ಬಿಡುವಾಗ ಮಡಿಯ ಮೇಲಿನ ಅರ್ಧ ಅಡಿ ಮಣ್ಣು ಓಣಿಯವರದು. ಮಾಲಕರು ಮನೆ ಕಟ್ಟಲು ಪಾಯ ಗುರುತು ಹಾಕುವ ಮುನ್ನ ಚೀಲಕ್ಕೆ ತುಂಬಿ ಮುಂದಿನ ಸೈಟಿಗೆ ಸಾಗಿಸಬಹುದು.