‘ಬೇಸಿಗೆಯ ಹಿಮ’: ಮಾವನ ಮರೆವು, ಸೊಸೆಯ ನಗು



ಮರೆವಿನ ಕಾಯಿಲೆಗೆ ತುತ್ತಾದ ವೃದ್ಧರೊಬ್ಬರ ಕಥೆ ಎಂದರೆ ಸಾಕು, ಕಣ್ಣೀರಿನ ಚಿತ್ರವಿರಬೇಕು ಎಂದುಕೊಳ್ಳುತ್ತೇವೆ. 1995ರಲ್ಲಿ ಹಾಂಗ್‌ಕಾಂಗಿನ ನಿರ್ದೇಶಕಿ ಆನ್ ಹುಯಿ ಕ್ಯಾಂಟನೀಸ್ ಭಾಷೆಯಲ್ಲಿ ತೆಗೆದ ‘ಸಮ್ಮರ್ ಸ್ನೋ’, ಅಂದರೆ ‘ಬೇಸಿಗೆಯ ಹಿಮ’, ಈ ನಿರೀಕ್ಷೆಯನ್ನು ಆರಂಭದಲ್ಲೇ ಕೆಡಿಸುತ್ತದೆ. ಗೃಹಿಣಿಯೊಬ್ಬಳು ಮಾರುಕಟ್ಟೆಯಲ್ಲಿ ಮೀನು ಕೊಳ್ಳಲು ನಿಂತಿದ್ದಾಳೆ. ಜೀವಂತ ಮೀನಿಗೆ ಬೆಲೆ ಹೆಚ್ಚು, ಸತ್ತದ್ದಕ್ಕೆ ಕಡಿಮೆ. ಮೀನು ಬೇಗ ಸಾಯಲೆಂದು ಆಕೆ ಮಾರುವವನ ಕಣ್ಣು ತಪ್ಪಿಸಿ ಅದಕ್ಕೊಂದು ಏಟು ಕೊಡುತ್ತಾಳೆ! ಇಂಥ ಹೆಣ್ಣು ತ್ಯಾಗಮೂರ್ತಿಯಲ್ಲ, ಸಂತಳಂತೂ ಅಲ್ಲ. ಸಂಬಳ ಎಣಿಸಿ ಮನೆ ನಡೆಸುವ ನಮ್ಮ ನಿಮ್ಮಂಥವಳು.

ಚಿತ್ರದ ಚೀನೀ ಹೆಸರಿನ ಅರ್ಥ ‘ಹೆಣ್ಣು, ನಲವತ್ತು’. ಈ ಮೇ ಎಂಬಾಕೆಗೆ ಕಂಪನಿಯೊಂದರಲ್ಲಿ ನೌಕರಿ, ಮನೆಯಲ್ಲಿ ಗಂಡ, ಬೆಳೆದ ಮಗ. ಅತ್ತೆ ಹಠಾತ್ತನೆ ತೀರಿಕೊಳ್ಳುತ್ತಾರೆ. ಮಾವ ಹಿಂದೆ ವಾಯುಪಡೆಯ ವಿಮಾನ ಚಾಲಕರು, ದರ್ಪದ ಮನುಷ್ಯ, ಸೊಸೆಯನ್ನು ಎಂದೂ ಮೆಚ್ಚಿದವರಲ್ಲ. ಅವರಿಗೆ ಅಲ್‌ಝೈಮರ್ ಕಾಯಿಲೆ ತಗಲುತ್ತದೆ. ಸ್ವಂತ ಮಗನನ್ನೇ ಗುರುತಿಸದ ಅವರು ನೆನಪಿಟ್ಟುಕೊಳ್ಳುವುದು ಒಬ್ಬಳನ್ನು ಮಾತ್ರ: ತಾವು ಮೆಚ್ಚದಿದ್ದ ಆ ಸೊಸೆಯನ್ನು. ಕಥೆಯ ಹಾಸ್ಯವೂ ನೋವೂ ಹುಟ್ಟುವುದು ಇಲ್ಲಿಂದಲೇ.

ನಗುವ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡಿ ನೋಡೋಣ. ಮಾವ ಕೊಡೆ ಬಿಡಿಸಿ, ಅದನ್ನು ಪ್ಯಾರಾಶೂಟ್ ಎಂದೇ ನಂಬಿ ಮೇಲಿನಿಂದ ಹಾರುತ್ತಾರೆ. ಪ್ರೇಕ್ಷಕರು ನಗುತ್ತಾರೆ, ಮರುಕ್ಷಣ ಎದೆ ಝಲ್ಲೆನ್ನುತ್ತದೆ. ರೋಗಿಯನ್ನು ಕಂಡು ನಗುವುದು ಸರಿಯೇ? ‘ಅರಳುಮರಳು’ ಎಂದು ಹೇಳಿ ಮುಗಿಸಿಬಿಡುವ ಮನೆಗಳಲ್ಲಿ ನಡೆಯುವ ನಗು ಬೇರೆ. ಅದು ವೃದ್ಧರನ್ನು ದೂರವಿಡುತ್ತದೆ. ಇಲ್ಲಿನ ನಗು ಹಾಗಲ್ಲ. ಮುದುಕರ ತಲೆಯೊಳಗೆ ಅವರಿನ್ನೂ ವಿಮಾನ ಚಾಲಕರೇ, ಅವರ ಹಾರಾಟಕ್ಕೆ ಅವರದೇ ತರ್ಕವಿದೆ. ಆ ತರ್ಕವನ್ನು ಹಿಡಿಯಲು ಸೊಸೆ ಕಲಿಯುತ್ತಾಳೆ. ಬೇಸಿಗೆಯಲ್ಲಿ ಉದುರುವ ಬಿಳಿ ಹೂಗಳು ಅವರಿಗೆ ಹಿಮವಾಗಿ ಕಂಡಾಗ ‘ಅದು ಹಿಮವಲ್ಲ’ ಎಂದು ವಾದಿಸಿ ಏನು ಪ್ರಯೋಜನ? ಇಂಥ ರೋಗಿಯ ಆರೈಕೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಭಿನಯದ ಬಗ್ಗೆ ಎರಡು ಮಾತಿಲ್ಲ. ಸೊಸೆಯಾದ ಜೋಸೆಫೀನ್ ಸಿಯಾವೊ ಬಾಲನಟಿಯಾಗಿ ಬೆಳೆದವರು, ಈ ಚಿತ್ರದ ಹೊತ್ತಿಗೆ ಅವರ ಕಿವಿ ಬಹಳ ಮಂದವಾಗಿತ್ತು. ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯ ಬೆಳ್ಳಿ ಕರಡಿ ಅವರಿಗೆ ಸಂದಿತು. ಮಾವನ ಪಾತ್ರದ ರಾಯ್ ಚಿಯಾವೊ ಹಾಗೂ ಗಂಡನ ಪಾತ್ರದ ಲಾ ಕಾರ್‌ಯಿಂಗ್ ಇಬ್ಬರಿಗೂ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ ದೊರೆಯಿತು. ನಮಗೆ ಆಸಕ್ತಿಯ ಸಂಗತಿ ಇನ್ನೊಂದಿದೆ: ಕಥೋಲಿಕರೂ ಪ್ರೊಟೆಸ್ಟೆಂಟರೂ ಸೇರಿ ಕೂರುವ ಕ್ರೈಸ್ತ ಐಕ್ಯ ತೀರ್ಪುಗಾರರ ಮಂಡಳಿ ಬರ್ಲಿನ್‌ನಲ್ಲಿ ತನ್ನ ಬಹುಮಾನವನ್ನು ಈ ಚಿತ್ರಕ್ಕೇ ಕೊಟ್ಟಿತು. ಚಿತ್ರ ಧರ್ಮೋಪದೇಶ ಮಾಡುವುದಿಲ್ಲ ಎಂಬುದನ್ನು ನೆನಪಿಡಿ.

ಕೊರತೆಗಳಿಲ್ಲವೆಂದಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ಕಲಿತ ಕಿರಿಯಳೊಂದಿಗೆ ಮೇಯ ಪೈಪೋಟಿ ತೆಳುವಾಗಿದೆ. ಗಂಡನ ಒಡಹುಟ್ಟಿದವರು ಜವಾಬ್ದಾರಿಯಿಂದ ನುಣುಚಿಕೊಳ್ಳುವವರು ಎಂಬ ಒಂದೇ ಬಣ್ಣದಲ್ಲಿ ಮುಗಿದುಹೋಗುತ್ತಾರೆ. ಅವರಿಗೂ ತಮ್ಮ ಕಷ್ಟ ಇದ್ದೀತು. ಕೆಲವೆಡೆ ರೋಗದ ಚೇಷ್ಟೆಗಳನ್ನು ಪ್ರೇಕ್ಷಕರ ಚಪ್ಪಾಳೆಗಾಗಿಯೇ ಎಳೆದಂತಿದೆ.

ಇವೆಲ್ಲ ಸಣ್ಣವು. ನನ್ನ ದೊಡ್ಡ ತಕರಾರು ಬೇರೆ. ಮಾವನನ್ನು ನೋಡಿಕೊಳ್ಳುವುದು, ನೌಕರಿ ಉಳಿಸಿಕೊಳ್ಳುವುದು, ಅಡಿಗೆ ಮಾಡುವುದು, ಎಲ್ಲವೂ ಒಬ್ಬಳ ಹೆಗಲ ಮೇಲೆ. ಗಂಡ ಒಳ್ಳೆಯವನು, ಆಕೆಯನ್ನು ಪ್ರೀತಿಸುತ್ತಾನೆ, ಆದರೂ ಅಪ್ಪ ಅವನ ಅಪ್ಪ! ಈ ಅನ್ಯಾಯವನ್ನು ಚಿತ್ರ ಕಾಣುತ್ತದೆ, ತೋರಿಸುತ್ತದೆ. ಆಮೇಲೆ ಸೊಸೆಯ ತಾಳ್ಮೆಯನ್ನು ಎಷ್ಟು ಚೆಂದವಾಗಿ ಚಿತ್ರಿಸುತ್ತದೆಂದರೆ ನಾವು ಪ್ರಶ್ನೆಯನ್ನೇ ಮರೆಯುತ್ತೇವೆ. ‘ಎಂಥ ಸೊಸೆ!’ ಎಂದು ಹೊಗಳುತ್ತಾ ಎದ್ದುಹೋಗುವುದು ಗಂಡಸರಿಗೆ ಬಹಳ ಸುಲಭ. ಮನೆಮಂದಿ ಒಟ್ಟಿಗೆ ಕುಳಿತು ನೋಡುವುದಾದರೆ ಗಂಡುಮಕ್ಕಳನ್ನೇ ಕೇಳಿ: ನೀವು ಆ ಗಂಡನ ಜಾಗದಲ್ಲಿದ್ದರೆ ಅಪ್ಪನ ಸ್ನಾನದ ಹೊಣೆ ಯಾರದು? ನೌಕರಿ ಬಿಡುವವರು ಯಾರು?

ಚಿತ್ರ ಮೆಚ್ಚುಗೆಯಾದರೆ ಇದೇ ನಿರ್ದೇಶಕಿಯ ‘ಎ ಸಿಂಪಲ್ ಲೈಫ್’ (2011) ಕೂಡ ಹುಡುಕಿ ನೋಡಿ. ಅಲ್ಲಿ ಮುಪ್ಪಿಗೆ ಬಂದ ಮನೆಗೆಲಸದಾಕೆಯನ್ನು ನೋಡಿಕೊಳ್ಳುವವನು ಒಬ್ಬ ಗಂಡಸು.