ಮೊದಲು ದಾಖಲೆ, ಆಮೇಲೆ ಮೆಡಲ್

ತಮ್ಮಾ, ನಿನ್ನ ಡಿಸ್ಚಾರ್ಜ್ ಬುಕ್ ಪೂರ್ತಿ ನೋಡಿದೆ. 1986ರಲ್ಲಿ ಆರ್ಟಿಲರಿಗೆ ಭರ್ತಿಯಾಗಿ 2006ರಲ್ಲಿ ಹವಾಲ್ದಾರನಾಗಿ ಪೆನ್ಷನ್ ಮೇಲೆ ಊರಿಗೆ, ಚಚಡಿಗೆ ಬಂದವನು ನೀನು. ಮೆಡಲ್‌ಗಳ ಪುಟದಲ್ಲಿ ಮಾತ್ರ ಎರಡೇ ಸಾಲು ಬರೆದಿದ್ದಾರೆ. ಅದರಲ್ಲೂ ಒಂದು ಸಾಲು ಮಸಿ ಹರಡಿ ಓದಲಿಕ್ಕೆ ಬರುವಂತಿಲ್ಲ. ಕಾರ್ಗಿಲ್ ಯುದ್ಧದಾಗ ದ್ರಾಸ್ ಕಡೆ ತೋಪಿನ ಹಿಂದೆ ನಿಂತಿದ್ದೆ ಅನ್ನುತ್ತೀ, ಬುಕ್ಕಿನಲ್ಲಿ ಅದರ ಸುಳಿವೇ ಇಲ್ಲ. "ಕ್ಯಾಂಪಿನ ಟೇಲರ್ ಹತ್ರ ಎಲ್ಲಾ ಮೆಡಲ್ ಸಿಗ್ತಾವ್ರೀ ಕಾಕಾ, ತಗೊಂಡು ಹಾಕ್ಕೊಂಡ್ರ ಆತು" ಅಂದೆಯಲ್ಲ, ಅದಕ್ಕೇ ಈ ಪತ್ರ. ಹಾಗೆ ಮಾಡಬೇಡ.

ಟೇಲರ್ ಹತ್ತಿರ ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೋಲ್ಕತ್ತದ ಅಲಿಪುರ ಟಂಕಸಾಲೆಯಿಂದ ಬರಬೇಕಾದ ಅಸಲಿ ಮೆಡಲ್ ಕೈಗೆ ಸಿಗುವುದು ವರ್ಷಗಟ್ಟಲೆ ತಡ ಆಗುತ್ತ ಬಂದಿದೆ. ಹೀಗಾಗಿ ಸರ್ವಿಸ್‌ನಲ್ಲಿ ಇರುವವರೇ ಪರೇಡಿಗೆ ಅಂಗಡಿಯ ಮೆಡಲ್ ಹೊಲಿಸಿಕೊಳ್ಳುತ್ತಾರೆ, ಅದನ್ನು ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಅವರ ದಾಖಲೆಯಲ್ಲಿ ಆ ಮೆಡಲ್ ಇದೆ, ನಿನ್ನದರಲ್ಲಿ ಇಲ್ಲ. ಟೇಲರ್ ಕೊಡುವುದು ತಗಡು ಮತ್ತು ರಿಬ್ಬನ್, ಹಕ್ಕನ್ನಲ್ಲ. ಜನವರಿ 26ಕ್ಕೆ ಶಾಲೆಯ ಮುಂದೆ ಧ್ವಜಕ್ಕೆ ಸಲ್ಯೂಟ್ ಹೊಡೆಯುವಾಗ ಯಾರಾದರೂ "ಇದು ಯಾವ ಆರ್ಡರ್‌ನಾಗ ಬಂತು?" ಅಂತ ಕೇಳಿದರೆ ಏನು ಹೇಳುತ್ತೀ? ನಮ್ಮ ಕಡೆ ಮನೆಗೊಬ್ಬ ಫೌಜಿ, ಕೇಳುವವರು ಇದ್ದೇ ಇರುತ್ತಾರೆ.

ನಾನು ಪಲ್ಟನ್ನಿನ ಆಫೀಸಿನಲ್ಲಿ ಕ್ಲಾರ್ಕಾಗಿ ಪೆನ್ ಸವೆಸಿದವನು. ಮೆಡಲ್ ಎಲ್ಲಿ ಕಳೆಯುತ್ತದೆ ಎನ್ನುವುದು ನನಗೆ ಗೊತ್ತು. ಜವಾನ ಅರ್ಹನಾದ ಮೇಲೆ ಯೂನಿಟ್ ಅದನ್ನು ದಾಖಲಿಸುವ ಪಾರ್ಟ್ ಟು ಆರ್ಡರ್ ಹೊರಡಿಸಬೇಕು. ಅದು ರೆಕಾರ್ಡ್ ಆಫೀಸಿಗೆ ಹೋಗಿ ನಿನ್ನ ಸೇವಾ ದಾಖಲೆ, ಅಂದರೆ ಶೀಟ್ ರೋಲ್‌ನಲ್ಲಿ ಏರಬೇಕು. ಆ ಹೊತ್ತಿಗೆ ನೀನು ರಜೆಯಲ್ಲಿದ್ದೆ, ಇಲ್ಲವೆ ಮಿಲಿಟರಿ ಆಸ್ಪತ್ರೆಯಲ್ಲಿದ್ದೆ, ಇಲ್ಲವೆ ಬೇರೆ ಯೂನಿಟ್ಟಿಗೆ ಪೋಸ್ಟಿಂಗ್ ಆಗಿತ್ತು ಅಂದರೆ, ಹಳೆಯ ಯೂನಿಟ್ಟಿನವರು ಹೊಸಬರು ಮಾಡುತ್ತಾರೆ ಅಂತ ಬಿಟ್ಟರು, ಹೊಸಬರು ಹಳಬರು ಮಾಡಿರಬೇಕು ಅಂದುಕೊಂಡರು. ರಾಷ್ಟ್ರೀಯ ರೈಫಲ್ಸ್‌ಗೆ ಹೋಗಿ ಬಂದವರದಂತೂ ಹೆಚ್ಚಾಗಿ ಇದೇ ಕಥೆ. ಇದರಲ್ಲಿ ಯಾರ ದ್ವೇಷವೂ ಇರುವುದಿಲ್ಲ. ಅದಕ್ಕೇ ಅರ್ಜಿಯಲ್ಲಿ ಸಿಟ್ಟು ತೋರಿಸಬೇಡ. ಸಿಟ್ಟಿನ ಅರ್ಜಿಯನ್ನು ಕ್ಲಾರ್ಕ್ ಕೊನೆಗೆ ಓದುತ್ತಾನೆ. ನಾನೂ ಹಾಗೇ ಮಾಡುತ್ತಿದ್ದೆ.

ಮೊದಲು ನಿನ್ನ ಸರ್ವಿಸ್ ತಾರೀಖು ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ಲೆಕ್ಕ ಬರೆ. 9 ವರ್ಷ ಸೇವೆಯದೊಂದು ಮೆಡಲ್ ಇದೆ, 20 ವರ್ಷದ್ದೊಂದು ಇದೆ. 20 ತುಂಬಿತೋ ಇಲ್ಲವೋ ದಿನದ ಲೆಕ್ಕ ಹಾಕು, ಒಂದು ದಿನ ಕಡಿಮೆಯಿದ್ದರೂ ಅದನ್ನು ಬಿಟ್ಟುಬಿಡು. 1997ರ ಆಗಸ್ಟ್ 15ರಂದು ಸರ್ವಿಸ್‌ನಲ್ಲಿ ಇದ್ದವರಿಗೆ ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್ ಉಂಟು, ನೀನು ಇದ್ದೆ. 1999ರ ಕಾರ್ಗಿಲ್ ಯುದ್ಧದ್ದು ಸ್ವಲ್ಪ ಸೂಕ್ಷ್ಮ. ನಿಗದಿ ಮಾಡಿದ ಯುದ್ಧವಲಯದೊಳಗೆ ಇದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್. ಹೊರಗೆ ಉಳಿದು ಯುದ್ಧಕ್ಕೆ ಸಜ್ಜಾಗಿ ನಿಂತವರಿಗೆ ಆಪರೇಷನ್ ವಿಜಯ್ ಮೆಡಲ್. ಕ್ಯಾಂಟೀನಿನ ಸಾಲಿನಲ್ಲಿ ನಿಂತವರು ಎರಡನ್ನೂ ಒಂದೇ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ದ್ರಾಸ್‌ನಲ್ಲಿ ತೋಪಿನ ಮೇಲಿದ್ದೆ ಅಂದರೆ ನೀನು ಕೇಳಬೇಕಾದದ್ದು ಸ್ಟಾರ್. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ ಸೈನ್ಯ ಗಡಿಗೆ ಹೋಯಿತಲ್ಲ, ಅದಕ್ಕೆ ಆಪರೇಷನ್ ಪರಾಕ್ರಮ್ ಮೆಡಲ್. ಇನ್ನು ಸೈನ್ಯ ಸೇವಾ ಮೆಡಲ್ 1960ರಿಂದ ಇರುವಂಥದ್ದು, ಅದರ ರಿಬ್ಬನ್ ಮೇಲೆ ಜಾಗದ ಹೆಸರಿನ ಪಟ್ಟಿ ಇರುತ್ತದೆ, ಕ್ಲಾಸ್ಪ್ ಅನ್ನುತ್ತಾರೆ: ಜಮ್ಮು-ಕಾಶ್ಮೀರ, ಹಿಮಾಲಯ, ಮರುಸ್ಥಲ ಹೀಗೆ. ಮೆಡಲ್ ದಾಖಲಾಗಿ ಕ್ಲಾಸ್ಪ್ ಬಿಟ್ಟುಹೋಗಿರುವುದೂ ಉಂಟು. ಅದನ್ನೂ ನೋಡು.

ಆಮೇಲೆ ನಿನ್ನ ತಕರಾರು ಏನು ಅನ್ನುವುದನ್ನು ಸ್ಪಷ್ಟ ಮಾಡಿಕೊ. ದಾಖಲೆಯಲ್ಲೇ ಹೆಸರಿಲ್ಲ ಅನ್ನುವುದು ಒಂದು. ದಾಖಲೆಯಲ್ಲಿದೆ, ಮೆಡಲ್ ಕೈಗೆ ಬಂದಿಲ್ಲ ಅನ್ನುವುದು ಬೇರೆ. ಬಂದಿತ್ತು, ಮನೆ ಬದಲಿಸುವಾಗ ಕಳೆದುಹೋಯಿತು ಅನ್ನುವುದು ಮತ್ತೂ ಬೇರೆ, ಅದಕ್ಕೆ ಪೊಲೀಸ್ ದೂರು, ಅಫಿಡವಿಟ್ ಎಲ್ಲ ಬೇಕಾಗುತ್ತದೆ. ಮೂರನ್ನೂ ಕಲಸಿ ಒಂದೇ ಅರ್ಜಿ ಬರೆದರೆ ಮೂರೂ ಕೆಡುತ್ತವೆ.

ಅರ್ಜಿ ಎಲ್ಲಿಗೆ ಹೋಗಬೇಕು ಎನ್ನುವುದರಲ್ಲೇ ನಮ್ಮವರು ಎಡವುತ್ತಾರೆ. ಬೆಳಗಾವಿಯಲ್ಲಿ ಮರಾಠಾ ಸೆಂಟರ್ ಕಣ್ಣೆದುರಿಗೇ ಇದೆ ಅಂತ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನನ್ನಂಥ ಮರಾಠಾದವನಿಗೆ ಅದು ಸರಿ. ನಿನ್ನ ಕಾಗದ ಇರುವುದು ನಾಸಿಕ್ ರೋಡ್ ಕ್ಯಾಂಪಿನ ಆರ್ಟಿಲರಿ ರೆಕಾರ್ಡ್ಸ್‌ನಲ್ಲಿ. ಸಿಗ್ನಲ್ಸ್‌ನವನದು ಜಬಲ್ಪುರದಲ್ಲಿ, ಇಎಂಇಯವನದು ಸಿಕಂದರಾಬಾದಿನಲ್ಲಿ, ಎಂಇಜಿಯವನದು ಬೆಂಗಳೂರಿನಲ್ಲಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಹನುಮಂತಪ್ಪ ಕೊಪ್ಪದ ಕುಂದಗೋಳ ತಾಲೂಕಿನ ಬೆಟದೂರಿನವರು, ಪಲ್ಟನ್ 19 ಮದ್ರಾಸ್. ಅಂದರೆ ಅವರ ರೆಜಿಮೆಂಟಿನ ಸೆಂಟರ್ ನೀಲಗಿರಿಯ ವೆಲ್ಲಿಂಗ್ಟನ್. ಊರು ಯಾವುದು ಅನ್ನುವುದಕ್ಕೂ ರೆಕಾರ್ಡ್ ಎಲ್ಲಿದೆ ಅನ್ನುವುದಕ್ಕೂ ಸಂಬಂಧ ಇಲ್ಲ.

ಬರೆಯುವಾಗ ಒಂದೇ ಪುಟ ಸಾಕು. ಎಲ್ಲಕ್ಕಿಂತ ಮೇಲೆ ಆರ್ಮಿ ನಂಬರ್, ಆಮೇಲೆ ರ‍್ಯಾಂಕ್, ಹೆಸರು. ಹೆಸರು ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಭರ್ತಿಯ ದಿನ ಹಿಂದಿ ಬಲ್ಲ ಕ್ಲಾರ್ಕ್ ನಮ್ಮ ಬಸಪ್ಪನನ್ನು ಬಸ್ಪಾ ಮಾಡಿರುತ್ತಾನೆ, ಮನೆತನದ ಅಡ್ಡಹೆಸರು ಬಿಟ್ಟಿರುತ್ತಾನೆ. ಆಧಾರ್‌ನಲ್ಲಿರುವ ಹೆಸರು ಹಾಕಿದರೆ ಆ ಮನುಷ್ಯ ಬೇರೆ ಅಂತ ವಾಪಸು ಬರುತ್ತದೆ. ಯಾವ ಮೆಡಲ್, ಯಾವ ಯೂನಿಟ್ಟಿನಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಇಷ್ಟು ಬರೆದು "ನನ್ನ ದಾಖಲೆಯಲ್ಲಿ ಯಾವ ಯಾವ ಮೆಡಲ್ ಯಾವ ಪಾರ್ಟ್ ಟು ಆರ್ಡರ್ ಪ್ರಕಾರ ಏರಿವೆ, ತಿಳಿಸಬೇಕು, ಬಿಟ್ಟುಹೋದದ್ದನ್ನು ಪರಿಶೀಲಿಸಿ ಸೇರಿಸಬೇಕು" ಅಂತ ಕೇಳು. ಡಿಸ್ಚಾರ್ಜ್ ಬುಕ್ಕಿನ, ಪೆನ್ಷನ್ ಮಂಜೂರಾತಿ ಆದೇಶದ (ಪಿಪಿಓ) ಝೆರಾಕ್ಸ್ ಇಡು. ಅಸಲು ಕಳಿಸಬೇಡ. ಬುಕ್ಕಿನಲ್ಲಿ ನೀನೇ ಪೆನ್ನಿನಿಂದ ಒಂದಕ್ಷರವೂ ತಿದ್ದಬೇಡ, ತಿದ್ದಿದ ಬುಕ್ಕನ್ನು ಯಾರೂ ನಂಬುವುದಿಲ್ಲ.

ಸಾಕ್ಷಿ ಅಂತ ನೀನು ಟ್ರಂಕಿನಿಂದ ತೆಗೆದು ತೋರಿಸಿದ ಆ ಪತ್ರಗಳ ಕಟ್ಟು ಮನೆಯವರಿಗೆ ಬೆಲೆಯುಳ್ಳದ್ದು, ರೆಕಾರ್ಡ್ ಆಫೀಸಿಗೆ ಅಲ್ಲ. ಎಲ್ಲದರ ಮೇಲೂ ಇರುವುದು ಸೈನ್ಯದ ಅಂಚೆ ಕಚೇರಿಯ ನಂಬರ್, 56 ಎಪಿಓ. ಆ ನಂಬರ್ ಇರುವುದೇ ಜಾಗ ಮುಚ್ಚಿಡಲಿಕ್ಕೆ, ಅದರಿಂದ ದ್ರಾಸ್ ಹೇಗೆ ಸಾಬೀತಾಗುತ್ತದೆ? ಅದೇ ಕಟ್ಟಿನ ತಳದಲ್ಲಿ ಮಡಚಿದ್ದ ಮೂವ್‌ಮೆಂಟ್ ಆರ್ಡರ್ ಇತ್ತಲ್ಲ, ಅಂಚು ಗೆದ್ದಲು ತಿಂದದ್ದು, ಅದರಲ್ಲಿ ಯೂನಿಟ್ ಹೆಸರು, ತಾರೀಖು, ರಬ್ಬರ್ ಸ್ಟಾಂಪ್ ಮೂರೂ ಇವೆ. ಅದೊಂದೇ ಆ ಇಡೀ ಕಟ್ಟಿಗಿಂತ ತೂಕದ್ದು. ಎತ್ತರದ ಜಾಗದ ಭತ್ಯೆ ಪಡೆದಿದ್ದರೆ ಅದಕ್ಕೂ ಆರ್ಡರ್ ಆಗಿರಬೇಕು, ಸಂಬಳದ ಹಳೆಯ ಚೀಟಿ ಇದ್ದರೆ ಹುಡುಕು. ಜೊತೆಗಿದ್ದವರ ಅಫಿಡವಿಟ್ ಇವೆಲ್ಲದರ ನಂತರ.

ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊ. ಒಂದು ಪ್ರತಿಯನ್ನು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕೊಟ್ಟು ಅವರ ಮೂಲಕವೂ ಕಳಿಸಲು ಕೇಳು. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕು: ಶುಲ್ಕ 10 ರೂಪಾಯಿ, ಗಡುವು 30 ದಿನ. ನಿನ್ನದೇ ದಾಖಲೆ ಕೇಳಲಿಕ್ಕೆ ಸಂಕೋಚ ಯಾಕೆ? ಟ್ರಿಬ್ಯೂನಲ್, ವಕೀಲ ಅಂತ ಈಗಲೇ ಓಡಬೇಡ. ಮೆಡಲ್‌ಗೆ ಅಷ್ಟು ಖರ್ಚು ಮಾಡುವ ಮಾತಿಲ್ಲ.

ತಡ ಮಾತ್ರ ಮಾಡಬೇಡ. ಅಮೆರಿಕದಂಥ ದೇಶದಲ್ಲೇ 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತ ಹೋದವು. ಅಲ್ಲಿಯ ಮುದುಕರು ಇವತ್ತಿಗೂ ತಮ್ಮ ಹತ್ತಿರ ಉಳಿದ ಚೂರುಪಾರು ಕಾಗದ ಹಿಡಿದು ಮೆಡಲ್ ಕೇಳಬೇಕಾಗಿದೆ. ನಮ್ಮಲ್ಲಿ ಬೆಂಕಿಯೇ ಬೇಕಾಗಿಲ್ಲ. ಪೆನ್ಷನ್ ಇಲ್ಲದೆ ಮನೆಗೆ ಬಂದವರ ಸರ್ವಿಸ್ ಕಾಗದಗಳನ್ನು 25 ವರ್ಷದ ನಂತರ ನಿಯಮದ ಪ್ರಕಾರವೇ ನಾಶ ಮಾಡುತ್ತಾರೆ. ಅಂಥವರ ಹೆಸರು ಲಾಂಗ್ ರೋಲ್‌ನಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೇ. ನೀನು ಪೆನ್ಷನರ್, ನಿನಗೆ ಆ ಭಯ ಕಡಿಮೆ. ಆದರೆ ನಿನ್ನ ಜೊತೆ ಭರ್ತಿಯಾಗಿ ನಡುವೆ ಬಿಟ್ಟುಬಂದವರಿಗೆ ಇದನ್ನು ಹೇಳು.

ಈ ಮೆಡಲ್‌ಗಳಿಂದ ಪೆನ್ಷನ್ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಶೌರ್ಯ ಪ್ರಶಸ್ತಿ ಬೇರೆ, ಇವು ಬೇರೆ. ಇದನ್ನು ಮೊದಲೇ ಮನೆಯಲ್ಲಿ ಹೇಳಿಬಿಡು, ಆಮೇಲೆ ಮಗ "ಏನು ಬಂತಪಾ?" ಅಂತ ಕೇಳುವುದು ಬೇಡ. "ನಾಸಿಕ್‌ನಾಗ ನಮ್ಮವರದಾರ, ಮಾಡಿಸಿಕೊಡ್ತೀನಿ" ಅಂತ ಹಣ ಕೇಳುವವನು ಸಿಕ್ಕರೆ ಬಾಗಿಲಲ್ಲೇ ಕಳಿಸು. ರೆಕಾರ್ಡ್ ಆಫೀಸಿಗೆ ಬರೆಯುವ ಅರ್ಜಿಗೆ ಅಂಚೆ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ.

ಇನ್ನೊಂದು ಕೆಲಸ ನಿನಗೆ ಹಚ್ಚುತ್ತೇನೆ. 1971ರ ಯುದ್ಧಕ್ಕೆ ಹೋಗಿಬಂದವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಎಪ್ಪತ್ತು ದಾಟಿದವರು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಯಾರ ಬುಕ್ಕಿನಲ್ಲಿ ಬಿಟ್ಟುಹೋಗಿವೆ ಅಂತ ಅವರಿಗೂ ಗೊತ್ತಿಲ್ಲ, ಅಕ್ಷರ ನೋಡಲಿಕ್ಕೆ ಕಣ್ಣೂ ಸಾಗುವುದಿಲ್ಲ. ನಿನಗೆ ಬರೆಯಲಿಕ್ಕೆ ಬರುತ್ತದೆ. ಮೊದಲು ಅವರ ಅರ್ಜಿ ಬರೆದು ಹಾಕು, ಆಮೇಲೆ ನಿನ್ನದು.